ತಲೆಗೆ ತಲೆ ತಾಗಿದರೆ ಸಾಕು

ಇಸ್ರೇಲಿನ ಲಾಕೀಷ್‌ನಲ್ಲಿ 2016ರಲ್ಲಿ ಅಗೆಯುವಾಗ ಬೆರಳುದ್ದವೂ ಇಲ್ಲದ ಆನೆದಂತದ ಹಣಿಗೆಯೊಂದು ಸಿಕ್ಕಿತು. ಒಂದು ಅಂಚಿನಲ್ಲಿ ಸಿಕ್ಕು ಬಿಡಿಸಲು ದಪ್ಪ ಹಲ್ಲು, ಇನ್ನೊಂದರಲ್ಲಿ ಹೇನು ತೆಗೆಯಲು ಒತ್ತೊತ್ತು ಹಲ್ಲು. ಸುಮಾರು 3,700 ವರ್ಷ ಹಳೆಯದೆಂದು ಸಂಶೋಧಕರ ಅಂದಾಜು. ಅದರ ಮೇಲೆ ಕೊರೆದಿದ್ದ ಕಾನಾನ್ ಲಿಪಿಯನ್ನು ಓದಿ 2022ರಲ್ಲಿ ಪ್ರಕಟಿಸಿದರು. ತಲೆ, ಗಡ್ಡದ ಹೇನನ್ನೆಲ್ಲ ಈ ದಂತ ತೆಗೆದುಹಾಕಲಿ ಎಂಬ ಹಾರೈಕೆಯಂತೆ! ದಂತದ ಹಣಿಗೆ ಇಟ್ಟುಕೊಳ್ಳುವಷ್ಟು ಉಳ್ಳವರ ತಲೆಯಲ್ಲೂ ಹೇನಿತ್ತು ಎನ್ನುವುದನ್ನು, ‘ಯಾವ ಕೊಳಕರ ಜೊತೆ ಆಡ್ಕೊಂಡು ಬಂದೆ’ ಎಂದು ಮಕ್ಕಳನ್ನು ಗದರುವವರು ಗಮನಿಸಬೇಕು.

ಹೇನಿಗೆ ಬೇಕಾದದ್ದು ರಕ್ತ, ಕೊಳೆಯಲ್ಲ. ಇವತ್ತೇ ಸೀಗೆಪುಡಿ ಹಾಕಿ ಎರೆದುಕೊಂಡ ತಲೆಯಾದರೂ ಅದಕ್ಕೆ ಅಡ್ಡಿಯಿಲ್ಲ. ಎಳ್ಳುಕಾಳಿನಷ್ಟಿರುವ ಈ ಕೀಟ ಹಾರದು, ನೆಗೆಯದು. ಆರೂ ಕಾಲಿನ ತುದಿಯಲ್ಲಿರುವ ಬಾಗಿದ ಉಗುರು ಕೂದಲೆಳೆ ಹಿಡಿಯಲೆಂದೇ ಹೇಳಿಮಾಡಿಸಿದ್ದು. ಆದ್ದರಿಂದ ಅದು ದಾಟಬೇಕೆಂದರೆ ತಲೆಗೆ ತಲೆ ತಾಗಬೇಕು. ಒಂದೇ ಪುಸ್ತಕಕ್ಕೆ ಬಗ್ಗಿದ ಗೆಳತಿಯರು, ಒಂದೇ ಹಾಸಿಗೆಯಲ್ಲಿ ಮಲಗುವ ಅಕ್ಕತಂಗಿಯರು, ಮೊಬೈಲಿಗೆ ಮುಗಿಬಿದ್ದ ಮಕ್ಕಳು ಅದಕ್ಕೆ ದಾರಿ. ಬಾಚಣಿಗೆ, ದಿಂಬಿನಿಂದ ಹರಡುವುದು ಕಡಿಮೆ. ತಲೆಯಿಂದ ಬಿದ್ದ ಹೇನು ರಕ್ತವಿಲ್ಲದೆ ಒಂದೆರಡು ದಿನದಲ್ಲಿ ಸಾಯುತ್ತದೆ. ನಾಯಿ, ಬೆಕ್ಕಿನಿಂದಂತೂ ಬರುವುದಿಲ್ಲ.

ತುರಿಕೆಯನ್ನು ನಂಬಿ ಕೂರುವಂತಿಲ್ಲ. ಅದು ಹೇನಿನ ಜೊಲ್ಲಿಗೆ ಚರ್ಮ ತೋರುವ ಅಲರ್ಜಿ; ಮೊದಲ ಸಲ ಹೇನಾದವರಿಗೆ ಶುರುವಾಗಲು 4ರಿಂದ 6 ವಾರ ಹಿಡಿಯಬಹುದು. ಮಗು ತಲೆ ಕೆರೆದುಕೊಳ್ಳುವ ಹೊತ್ತಿಗೆ ಹೇನಿನ ಸಂಸಾರ ಬೆಳೆದು, ಪಕ್ಕದವಳ ತಲೆಗೂ ಹೋಗಿರುತ್ತದೆ. ಹೀಗಿರುವಾಗ ಹೇನು ಕಂಡ ದಿನವೇ ಮಗುವನ್ನು ಶಾಲೆಯಿಂದ ಮನೆಗಟ್ಟುವುದರಿಂದ ಅವಮಾನವಷ್ಟೇ ಲಾಭ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಅದು ಬೇಡವೆನ್ನುತ್ತದೆ.

ನಿಜವಾದ ತಲೆನೋವು ಸೀರಿನದು. ಹೆಣ್ಣು ಹೇನು ದಿನಕ್ಕೆ ಆರೆಂಟು ಮೊಟ್ಟೆಯನ್ನು ಕೂದಲ ಬುಡಕ್ಕೆ ಅಂಟಿಸುತ್ತದೆ, ಹೆಚ್ಚಾಗಿ ಕಿವಿಯ ಹಿಂದೆ, ಹಿಂಗತ್ತಿನ ಮೇಲೆ. ಹೊಟ್ಟು ಉಜ್ಜಿದರೆ ಉದುರುತ್ತದೆ, ಸೀರು ಜಪ್ಪಯ್ಯ ಅನ್ನುವುದಿಲ್ಲ. ಔಷಧಿ ಅಂಗಡಿಯ ಪರ್ಮೆಥ್ರಿನ್ ಲೋಷನ್ ಹೇನನ್ನು ಕೊಂದರೂ ಸೀರನ್ನೆಲ್ಲ ಕೊಲ್ಲದು. ವಾರ, ಹತ್ತು ದಿನಕ್ಕೆ ಅವು ಒಡೆದು ಮರಿ ಬರುತ್ತವೆ. ಆ ಮರಿ ಬಲಿತು ಮೊಟ್ಟೆಯಿಡುವ ಮೊದಲೇ, ಅಂದರೆ ಒಂಬತ್ತನೇ ದಿನದ ಸುಮಾರಿಗೆ, ಇನ್ನೊಮ್ಮೆ ಹಚ್ಚಬೇಕು. ನಮ್ಮಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ಬೈಗುಳ ಬೀಳುವುದು ಮಾತ್ರ ಲೋಷನ್ನಿಗೆ. ಪರ್ಮೆಥ್ರಿನ್ನಿಗೆ ಬಗ್ಗದ ಹೇನುಗಳೂ ಹಲವು ದೇಶಗಳಲ್ಲಿವೆ ಅನ್ನಿ.

ಸೀಮೆಎಣ್ಣೆ ಸವರುವುದು ಬೇಡವೇ ಬೇಡ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕರಿಗುಡ್ಡೆಗೇ ಪೆಟ್ಟು. ಅದಕ್ಕಿಂತ ಸೀರಣಿಗೆ ವಾಸಿ. ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ, ಒಂದೊಂದೇ ಎಸಳು ಹಿಡಿದು, ಬುಡದಿಂದ ತುದಿವರೆಗೆ ಎಳೆದು, ಪ್ರತಿ ಸಲವೂ ಬಿಳಿಬಟ್ಟೆಗೆ ಒರೆಸಬೇಕು. ಎಣ್ಣೆಯಲ್ಲಿ ಕಾಲಾಡಿಸುವ ಹೇನು ಬಟ್ಟೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಹೆಬ್ಬೆರಳುಗಳ ಉಗುರಿನ ನಡುವೆ ಟಕ್ ಅನ್ನಿಸಬಹುದು. ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ವಾರ ಮೀರಿ ಇದು ನಡೆಯಬೇಕು.

ಮನೆಮಂದಿಯ ತಲೆಯನ್ನೆಲ್ಲ ಒಂದೇ ದಿನ ನೋಡಿ. ಮೊಮ್ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವ ಅಜ್ಜಿ ‘ಈ ವಯಸ್ಸಲ್ಲಿ ನನಗೆಂಥಾ ಹೇನು’ ಎಂದು ಸಿಡುಕಿದರೂ ಅವರ ತುರುಬು ಬಿಚ್ಚಿಸದೆ ಬಿಡಬೇಡಿ.