ಹದಿನೆಂಟು ಕೈಗಳ ತೂಕ

ಬಾದಾಮಿಯ ತೆಂಕಣ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಮೊದಲು ಸಿಗುವುದು ಒಂದನೇ ಗುಹೆ. ಬಂದವರಲ್ಲಿ ಹೆಚ್ಚಿನವರು ಕಂಬಗಳ ನಡುವೆ ನುಗ್ಗಿ ಒಳಮಂಟಪಕ್ಕೆ ನಡೆದುಬಿಡುತ್ತಾರೆ. ನೀವು ಒಳಗೆ ಕಾಲಿಡುವ ಮೊದಲು ಬಲಕ್ಕೆ ತಿರುಗಿ, ಹೊರಬಂಡೆಯ ಮೈಯಲ್ಲೇ ಕಡೆದಿರುವ ನಟರಾಜನ ಎದುರು ನಿಲ್ಲಿ. ಸುಮಾರು 5 ಅಡಿ ಎತ್ತರ, 18 ಕೈ. ಬಲಗೈ ಒಂದಕ್ಕೆ ಎಡಗೈ ಒಂದನ್ನು ಕೂಡಿಸುತ್ತಾ ಹೋದರೆ 81 ಭಂಗಿಗಳಾಗುತ್ತವೆ ಎಂದು ಗೈಡುಗಳು ಲೆಕ್ಕ ಒಪ್ಪಿಸುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಇಷ್ಟು ಕೈಗಳು ಬೀಸಿಕೊಂಡಿದ್ದರೂ, ಮೈ ಒಂದು ಕಡೆಗೆ ಬಾಗಿದ್ದರೂ, ಈ ಮೂರ್ತಿ ವಾಲಿದಂತೆ ಕಾಣುವುದೇ ಇಲ್ಲ.

ಸಮತೋಲನ ಎಂದರೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಶಾಲೆಯ ಡ್ರಾಯಿಂಗ್ ಪೀರಿಯಡ್ಡು. ಹಾಳೆಯನ್ನು ನಡುವೆ ಮಡಚಿ, ಈ ಕಡೆ ಬರೆದದ್ದನ್ನೇ ಆ ಕಡೆಯೂ ಮೂಡಿಸಿದರೆ ಮುಗಿಯಿತು. ಅದು ಸಮತೋಲನದ ಒಂದು ಬಗೆ, ಅದರಲ್ಲೂ ಅತ್ಯಂತ ಸುಲಭದ ಬಗೆ. ಉಳಿದ ಬಗೆಗಳನ್ನು ಕಣ್ಣಾರೆ ಕಾಣಲು ಕರ್ನಾಟಕದಲ್ಲಿ ಈ ಬೆಟ್ಟಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕೆಳಗಿನಿಂದ ಮೇಲಕ್ಕೆ ನಾಲ್ಕು ಗುಹೆ, ಅರ್ಧ ದಿನದ ನಡಿಗೆ.

ನಟರಾಜನ ಎದುರೇ ಒಂದು ಪ್ರಯೋಗ ಮಾಡಿ ನೋಡಬಹುದು. ಎರಡು ಹೆಜ್ಜೆ ಹಿಂದೆ ಸರಿದು ಕಣ್ಣನ್ನು ಅರೆಮುಚ್ಚಿ. ಬೆರಳು, ಆಭರಣ, ಆಯುಧಗಳೆಲ್ಲ ಕರಗಿ, ಬೆಳಕು ನೆರಳಿನ ದೊಡ್ಡ ಗುಂಪುಗಳಷ್ಟೇ ಉಳಿಯುತ್ತವೆ. ಕೈಗಳು ಬೀಸಣಿಗೆಯ ಹಾಗೆ ಎರಡೂ ಕಡೆ ಹರಡಿವೆ. ಹರಡಿದ್ದು ಚದುರಿಹೋಗದಂತೆ ಒಂದು ಕೈ ಎದೆಯನ್ನು ಅಡ್ಡ ಹಾಯ್ದು ಬರುತ್ತದೆ, ಆನೆಯ ಸೊಂಡಿಲಿನ ಭಂಗಿಯ ಗಜಹಸ್ತ. ಇಡೀ ಮೂರ್ತಿಗೆ ಬೀಗ ಹಾಕಿರುವುದು ಆ ಕೈ ಎಂದು ನಾನು ನಂಬಿದ್ದೇನೆ. ಈಗ ಅಂಗೈಯನ್ನು ಕಣ್ಣ ಮುಂದೆ ಹಿಡಿದು ಒಂದು ಬದಿಯ ನಂದಿಯನ್ನು ಮರೆ ಮಾಡಿ. ಆಮೇಲೆ ಇನ್ನೊಂದು ಬದಿಯ ಗಣಪತಿಯನ್ನೂ ವಾದ್ಯಗಾರನನ್ನೂ ಮರೆ ಮಾಡಿ. ಪ್ರತಿಸಲವೂ ಶಿವ ಕೊಂಚ ಓರೆಯಾಗುತ್ತಾನೆ. ಕಥೆಗೆಂದು ಬಂದ ಪರಿವಾರ ಅಲ್ಲಿ ತೂಕದ ಕೆಲಸವನ್ನೂ ಮಾಡುತ್ತಿದೆ.

ನೋಟಕ್ಕೆ ತೂಕವಿದೆ ಎಂಬುದನ್ನು ಇಪ್ಪತ್ತನೇ ಶತಮಾನದಲ್ಲಿ ವಿಸ್ತಾರವಾಗಿ ಬರೆದು ತೋರಿಸಿದವರು ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನೋವಿಜ್ಞಾನಿ ರುಡಾಲ್ಫ್ ಆರ್ನ್‌ಹೈಮ್. ಅವರ ಮುಖ್ಯ ಗ್ರಂಥ ಬಂದದ್ದು 1954ರಲ್ಲಿ. ನಡುವಿನಿಂದ ದೂರ ಹೋದಷ್ಟೂ, ಗುಂಪು ಬಿಟ್ಟು ಒಂಟಿಯಾದಷ್ಟೂ ಒಂದು ಆಕಾರ ಕಣ್ಣಿಗೆ ಭಾರವಾಗುತ್ತದೆ ಎಂದರು ಅವರು. ಅದಕ್ಕೂ ಬಹಳ ಹಿಂದೆಯೇ ನಮ್ಮ ಶಿಲ್ಪಿಗಳಿಗೆ ಬ್ರಹ್ಮಸೂತ್ರವಿತ್ತು. ಮೂರ್ತಿಯ ನಡುವೆ ನೆತ್ತಿಯಿಂದ ಪಾದದವರೆಗೆ ಇಳಿಬಿಟ್ಟ ಕಲ್ಪನೆಯ ನೂಲು ಅದು. ಮೈ ಆ ನೂಲಿಗೆ ಸಮವಾಗಿ ನಿಂತರೆ ಸಮಭಂಗ, ತುಸು ಸರಿದರೆ ಆಭಂಗ, ಕೊರಳು, ನಡು, ಮೊಣಕಾಲುಗಳಲ್ಲಿ ಮೂರು ಬಳುಕು ಬಂದರೆ ತ್ರಿಭಂಗ, ಅದನ್ನೂ ಮೀರಿದರೆ ಅತಿಭಂಗ. ಎಷ್ಟು ಸರಿದರೂ ನೂಲಿನ ಲೆಕ್ಕ ತಪ್ಪುವಂತಿಲ್ಲ.

ಇದೇ ಗುಹೆಯ ಎಡಬದಿಗೆ ಬನ್ನಿ. ನಟರಾಜನಿಗೆ ಎದುರುಬದುರಾಗಿ ಅಷ್ಟೇ ಕೈಗಳ, ಅಷ್ಟೇ ರಭಸದ ಇನ್ನೊಂದು ಮೂರ್ತಿ ಇದ್ದಿದ್ದರೆ ಗುಹೆಯ ಮುಖ ಜಾತ್ರೆಯಾಗುತ್ತಿತ್ತು. ಅಲ್ಲಿರುವುದು ಎರಡೇ ಕೈಯ, ತ್ರಿಶೂಲ ಹಿಡಿದು ಸುಮ್ಮನೆ ನಿಂತ ದ್ವಾರಪಾಲ. ಅವನ ಕೆಳಗೆ ಎತ್ತು ಮತ್ತು ಆನೆ, ಎರಡಕ್ಕೂ ಸೇರಿ ಒಂದೇ ತಲೆ. ಒಂದು ಮೈಯನ್ನು ಮುಚ್ಚಿದರೆ ಆನೆ, ಇನ್ನೊಂದನ್ನು ಮುಚ್ಚಿದರೆ ಎತ್ತು. ಮಕ್ಕಳು ಇಲ್ಲಿ ತುಂಬ ಹೊತ್ತು ನಿಲ್ಲುತ್ತಾರೆ, ನಿಲ್ಲಲಿ. ಒಂದೇ ಗೆರೆ ಎರಡು ಆಕಾರಗಳಿಗೆ ಸಮನಾಗಿ ದುಡಿಯುವುದನ್ನು ಇಷ್ಟು ಚೆನ್ನಾಗಿ ಹೇಳಿಕೊಡುವ ಪಾಠ ಬೇರೆ ಯಾವುದಿದೆ?

ಒಳಗಿನ ಪಡಸಾಲೆಯಲ್ಲಿ ಒಂದು ಕಡೆ ಹರಿಹರ, ಇನ್ನೊಂದು ಕಡೆ ಅರ್ಧನಾರೀಶ್ವರ. ಹರಿಹರ ಏಳೂಮುಕ್ಕಾಲು ಅಡಿಯ ನೆಟ್ಟನೆ ನಿಲುವು. ಶಿವನ ಬದಿಗೆ ಪಾರ್ವತಿ ಮತ್ತು ನಂದಿ, ವಿಷ್ಣುವಿನ ಬದಿಗೆ ಲಕ್ಷ್ಮಿ ಮತ್ತು ಗರುಡ. ಇಲ್ಲಿ ಲೆಕ್ಕ ನೇರ: ಇತ್ತ ಇಬ್ಬರು, ಅತ್ತ ಇಬ್ಬರು.

ಅರ್ಧನಾರೀಶ್ವರನ ಲೆಕ್ಕ ಹಾಗಿಲ್ಲ. ಬೆಟ್ಟದಲ್ಲಿ ನಾನು ಅತಿ ಹೆಚ್ಚು ಹೊತ್ತು ನೋಡುವ ಮೂರ್ತಿ ಇದು. ಎಡದ ಅರ್ಧ ಪಾರ್ವತಿ. ಅಲ್ಲಿ ತುಂಬಿದ ಮೊಲೆ, ಅಗಲ ಸೊಂಟ, ಹೆಚ್ಚು ಉಬ್ಬು, ಹೆಚ್ಚು ನೆರಳು. ಬಲದ ಅರ್ಧ ಶಿವ, ಚಪ್ಪಟೆ ಎದೆ, ಕಡಿಮೆ ಬಳುಕು. ಮೂರ್ತಿಯೊಂದನ್ನೇ ಬಿಟ್ಟಿದ್ದರೆ ಅದು ದೇವಿಯ ಕಡೆಗೆ ವಾಲುತ್ತಿತ್ತು. ಶಿಲ್ಪಿ ಏನು ಮಾಡಿದ್ದಾನೆ ನೋಡಿ. ದೇವಿಯ ಬದಿಗೆ ಆಭರಣದ ತಟ್ಟೆ ಹಿಡಿದ ಸಖಿಯೊಬ್ಬಳನ್ನೇ ನಿಲ್ಲಿಸಿ, ಶಿವನ ಬದಿಗೆ ನಂದಿಯ ದೊಡ್ಡ ಮೈಯನ್ನೂ ಭೃಂಗಿಯನ್ನೂ ತಂದಿಟ್ಟಿದ್ದಾನೆ. ಭೃಂಗಿ ಬರೀ ಎಲುಬಿನ ಗೂಡು. ಶಿವನಿಗೆ ಮಾತ್ರ ಪ್ರದಕ್ಷಿಣೆ ಬರುತ್ತೇನೆಂದು ಹಟ ಹಿಡಿದು, ದೇವಿಯ ಮುನಿಸಿನಿಂದ ರಕ್ತಮಾಂಸ ಕಳೆದುಕೊಂಡ ಋಷಿ ಅವನು. ಶಿವನ ಪಕ್ಕವೇ ಅವನ ಜಾಗ. ಪಕ್ಕೆಲುಬಿನ ಒತ್ತೊತ್ತಾದ ಗೆರೆಗಳು ಕಣ್ಣನ್ನು ತಮ್ಮತ್ತ ಎಳೆಯುತ್ತವೆ. ಹಾಗಾಗಿ ಅಷ್ಟು ತೆಳ್ಳಗಿನ ಮೈಗೂ ನೋಟದಲ್ಲಿ ಭಾರವಿದೆ. ಪುರಾಣ ಮತ್ತು ರಚನೆ ಎರಡೂ ಒಟ್ಟಿಗೆ ಕೂಡಿಬರುವ ಇಂಥ ಕಡೆ ಶಿಲ್ಪಿಯ ಬುದ್ಧಿಗೆ ಕೈ ಮುಗಿಯಬೇಕೆನ್ನಿಸುತ್ತದೆ.

ಎರಡನೇ ಗುಹೆಯಲ್ಲಿ ವರಾಹನನ್ನೂ ತ್ರಿವಿಕ್ರಮನನ್ನೂ ನೋಡಿ, ಕತ್ತು ಮೇಲೆತ್ತಿ. ಚಾವಣಿಯ ಚೌಕದೊಳಗೆ ಒಂದು ಚಕ್ರ, ಅದರ ಅರೆಗಳು 16 ಮೀನುಗಳು. ಇಲ್ಲಿ ಎಡಬಲ ಎಂಬುದೇ ಇಲ್ಲ. ತೂಕವೆಲ್ಲ ನಡುಬಿಂದುವಿನಿಂದ ಹೊರಟು ಸುತ್ತಲೂ ಸಮನಾಗಿ ಹಂಚಿಹೋಗಿದೆ. ನಮ್ಮ ರಂಗೋಲಿಯ ಚುಕ್ಕಿ ಇಟ್ಟ ಕೈಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೇಲೆ ಮೂರನೆಯದು, ನಾಲ್ಕರಲ್ಲೂ ದೊಡ್ಡದು. ಮಂಗಳೇಶ ಇದನ್ನು ಮಾಡಿಸಿದ ಸಂಗತಿ ಇಲ್ಲಿನ ಶಾಸನದಲ್ಲೇ ಇದೆ, ಶಕ 500, ಅಂದರೆ ಕ್ರಿ.ಶ. 578. ಅಣ್ಣ ಕೀರ್ತಿವರ್ಮ ಆಗ ದೊರೆ. ಹಾವಿನ ಸುರುಳಿಯ ಮೇಲೆ ಕುಳಿತ ವಿಷ್ಣು, ವರಾಹ, ನಿಂತ ನರಸಿಂಹ, ಹರಿಹರ ಎಲ್ಲವೂ ಇಲ್ಲಿವೆ. ನಮ್ಮ ಮಾತಿಗೆ ಬೇಕಾದವನು ಪಡಸಾಲೆಯ ಕೊನೆಯಲ್ಲಿರುವ ತ್ರಿವಿಕ್ರಮ. ಒಂದು ಕಾಲು ನೆಲದಲ್ಲಿ, ಇನ್ನೊಂದು ಅಡ್ಡಕ್ಕೆ ನೀಳವಾಗಿ ಚಾಚಿದೆ. ಒಂಟಿ ಕಾಲಿನ ಮೇಲೆ ಇಷ್ಟು ದೊಡ್ಡ ಮೈಯನ್ನು ನಿಲ್ಲಿಸುವುದು ಹೇಗೆ? ಹಳ್ಳಿಯ ಬಾವಿಯ ಏತವನ್ನು ನೆನೆಸಿಕೊಳ್ಳಿ. ಗಳುವಿನ ಉದ್ದನೆಯ ತುದಿಗೆ ನೀರಿನ ಬಾನಿ, ಗಿಡ್ಡ ತುದಿಗೆ ಭಾರದ ಗುಂಡು. ಚಾಚಿದ ಪಾದ ನಡುವಿನಿಂದ ದೂರದಲ್ಲಿದೆ, ಅದಕ್ಕೇ ಕಣ್ಣಿಗೆ ಭಾರ. ಎಂಟು ಕೈ, ಕಿರೀಟ, ಆಯುಧಗಳೆಲ್ಲ ನಿಂತ ಕಾಲಿನ ಹತ್ತಿರ ಒತ್ತಾಗಿ ಸೇರಿ ಆ ಭಾರವನ್ನು ಹಿಡಿದಿವೆ. ಎತ್ತಿದ ಕಾಲಿನ ಕೆಳಗೆ ಖಾಲಿ ಉಳಿಯಬಹುದಾಗಿದ್ದ ಜಾಗದಲ್ಲಿ ಕೊಡೆ ಹಿಡಿದ ವಾಮನ, ಬಲಿ ಮತ್ತು ಅವನ ಪರಿವಾರ, ಎಲ್ಲರೂ ಗಿಡ್ಡಗಿಡ್ಡ. ಕಥೆಯ ಮೊದಲ ಭಾಗವೇ ಕೊನೆಯ ಭಾಗಕ್ಕೆ ಆಸರೆಯಾಗಿ ನಿಂತಿದೆ.

ನಾಲ್ಕನೆಯದು ಚಿಕ್ಕ ಗುಹೆ, ಜೈನರದು. ಪಡಸಾಲೆಯ ಎರಡು ತುದಿಗಳಲ್ಲಿ ಪಾರ್ಶ್ವನಾಥ ಮತ್ತು ಬಾಹುಬಲಿ. ಇಬ್ಬರದೂ ಕಾಯೋತ್ಸರ್ಗ, ಕೈ ಕಾಲು ಭುಜ ಎಲ್ಲವೂ ಬ್ರಹ್ಮಸೂತ್ರದ ಎರಡೂ ಕಡೆ ಸಮಸಮ. ಶಾಲೆಯ ಮಡಚಿದ ಹಾಳೆ ಕೊನೆಗೂ ಸಿಕ್ಕಿತು ಅನ್ನಿಸಬಹುದು. ಆದರೆ ಕೆಳಗಿನ ಗುಹೆಗಳನ್ನು ನೋಡಿ ಬಂದ ಕಣ್ಣಿಗೆ ಈ ಸಮತೆ ಬೇರೆಯಾಗಿಯೇ ಕಾಣುತ್ತದೆ. ಬಾಹುಬಲಿಯ ಕಾಲಿಗೂ ತೋಳಿಗೂ ಬಳ್ಳಿ ಸುತ್ತಿದೆ, ಪಾದದ ಬಳಿ ಹಾವುಗಳಿವೆ, ಕೂದಲು ಹೆಗಲ ಮೇಲೆ ಇಳಿದಿದೆ. ಬಳುಕುವುದೆಲ್ಲ ಸುತ್ತಲಿನದು, ಬಳುಕದೆ ನಿಂತವನು ಅವನೊಬ್ಬನೇ. ಆ ಬಳ್ಳಿಯ ಡೊಂಕು ಇಲ್ಲದಿದ್ದರೆ ಈ ನೇರ ನಿಲುವಿಗೆ ಇಷ್ಟು ಬಲ ಬರುತ್ತಿರಲಿಲ್ಲ.

ಈ ಗುಹೆಯ ಗೋಡೆ, ಕಂಬಗಳಲ್ಲಿ ಮುಂದಿನ ಶತಮಾನಗಳ ಭಕ್ತರು ಸಾಲುಸಾಲಾಗಿ ಚಿಕ್ಕ ತೀರ್ಥಂಕರರನ್ನು ಕಡೆಸಿದ್ದಾರೆ. ಅವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೂ ಕಂಬಗಳ ಮೇಲಿನ ಆ ಚಿಕ್ಕ ಮೂರ್ತಿಗಳು ಗುಹೆಯ ಬಿಡುವನ್ನು ಕಿತ್ತುಕೊಂಡಿವೆ ಎಂದೇ ನನ್ನ ಅಭಿಪ್ರಾಯ. ಕಣ್ಣಿಗೆ ಕೂರಲು ಜಾಗವಿಲ್ಲ. ಖಾಲಿ ಬಿಟ್ಟ ಕಲ್ಲಿಗೂ ತೂಕವಿತ್ತು ಎಂದು ತಿಳಿಯಬೇಕಾದರೆ ಇಲ್ಲಿಂದ ಇಳಿಯುವಾಗ ಮತ್ತೆ ಮೂರನೇ ಗುಹೆಗೆ ಹೊಕ್ಕು, ತ್ರಿವಿಕ್ರಮನ ಪಾದಕ್ಕೂ ಚಾವಣಿಗೂ ನಡುವೆ ಎಷ್ಟು ಬಂಡೆಯನ್ನು ಏನೂ ಕಡೆಯದೆ ಬಿಟ್ಟಿದ್ದಾರೆ ಎಂದು ನೋಡಿ.