ಕೈಯ ಕ್ರಮ, ಧ್ವನಿಯ ಕ್ರಮ: ಒಂದನೆಯ ತರಗತಿಯ ಅಕ್ಷರ ಚಟುವಟಿಕೆಗಳು ಮತ್ತು ಹೊರನಾಡ ಕನ್ನಡ ಮಗು

ಕನ್ನಡ ವರ್ಣಮಾಲೆಯ ಕ್ರಮವು ಉಚ್ಚಾರಣೆಯನ್ನು ಆಧರಿಸಿದುದು. ಸ್ವರಗಳು ಹ್ರಸ್ವ, ದೀರ್ಘಗಳಾಗಿಯೂ ವರ್ಗೀಯ ವ್ಯಂಜನಗಳು ಕಂಠದಿಂದ ತುಟಿಯವರೆಗಿನ ಸ್ಥಾನಗಳಿಗೆ ಅನುಸಾರವಾಗಿಯೂ ಜೋಡಣೆಗೊಂಡಿವೆ. ಧ್ವನಿವಿಚಾರದ ದೃಷ್ಟಿಯಿಂದ ಇದು ಅತ್ಯಂತ ಸುಸಂಬದ್ಧವಾದ ವ್ಯವಸ್ಥೆ. ಆದರೆ ಆರು ವರ್ಷದ ಮಗುವಿನ ಕೈಗೆ ಇದು ಸುಲಭವಾದುದಲ್ಲ. ‘ಅ’, ‘ಆ’ಗಳ ಬೆನ್ನಲ್ಲೇ ಬರುವ ‘ಇ’, ‘ಈ’ಗಳ ಆಕಾರ ತೀರ ಭಿನ್ನ, ‘ಙ’, ‘ಞ’ಗಳಿಂದ ಆರಂಭವಾಗುವ ಮಾತುಗಳಂತೂ ಮಗುವಿನ ಮನೆಯಲ್ಲಿ ಕೇಳಿಬರುವುದಿಲ್ಲ. ಧ್ವನಿಯ ಕ್ರಮವೂ ಕೈಯ ಕ್ರಮವೂ ಬೇರೆಬೇರೆ ಎಂಬುದನ್ನು ಗುರುತಿಸಿದಾಗ ಒಂದನೆಯ ತರಗತಿಯ ಚಟುವಟಿಕೆಗಳ ಮಹತ್ತ್ವ ಸ್ಪಷ್ಟವಾಗುತ್ತದೆ.

ಕೈಯ ಮೂಲಕ ಕಲಿಸುವ ವಿಚಾರ ಹೊಸತೇನಲ್ಲ. ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾರಿಯಾ ಮಾಂಟೆಸ್ಸರಿಯವರ ಪದ್ಧತಿಯಲ್ಲಿ ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರಗಳನ್ನು ಮಗು ಬೆರಳಿನಿಂದ ಸವರಿ ಅರಿಯುತ್ತದೆ. 1945ರಲ್ಲಿ ತಾರಾಬಾಯಿ ಮೋಡಕ್ ಅವರು ಮಹಾರಾಷ್ಟ್ರದ ಬೋರ್ಡಿಯಲ್ಲಿ ಆರಂಭಿಸಿದ ಕಾರ್ಯವು ಇಂಥ ಶಿಕ್ಷಣವನ್ನು ಸ್ಥಳೀಯ ವಸ್ತುಗಳಿಂದಲೇ ನಡೆಸಬಹುದೆಂಬುದನ್ನು ತೋರಿಸಿತು.

ಕನ್ನಡದ ಸಂದರ್ಭದಲ್ಲಿ ಮುಖ್ಯವಾದ ಪ್ರಯೋಗ ‘ನಲಿ-ಕಲಿ’. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮಶಾಲೆಗಳಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಡನೆ 1995ರಲ್ಲಿ ಇದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಯಿತು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು. ಇಲ್ಲಿ ಅಕ್ಷರ ಪರಿಚಯ ‘ರ, ಗ, ಸ, ದ, ಅ’ ಎಂಬ ಕ್ರಮದಲ್ಲಿ ಮೊದಲಾಗಿ, ‘ಜ, ವ, ಮ, ಬ, ನ’ಗಳತ್ತ ಸಾಗುತ್ತದೆ. ಬರವಣಿಗೆಯ ಸೌಲಭ್ಯವೂ ಪದರಚನೆಯ ಅವಕಾಶವೂ ಇಲ್ಲಿ ಕೂಡಿಬರುತ್ತವೆ. ಮೊದಲ ಐದು ಅಕ್ಷರಗಳಿಂದಲೇ ಸರ, ರಸ, ಅರಸ, ಅಗಸ ಎಂಬ ಪದಗಳು ಹುಟ್ಟುತ್ತವೆ. ಮುಂದಿನ ಐದು ಸೇರಿದೊಡನೆ ಮರ, ಜನ, ವನ, ನಗರ, ಬಸವ ಒದಗುತ್ತವೆ. ಕಾಗುಣಿತವಾಗಲಿ ಒತ್ತಕ್ಷರವಾಗಲಿ ಬರುವ ಮೊದಲೇ ಮಗು ಓದತೊಡಗುತ್ತದೆ.

ಇದಕ್ಕೆ ಬೇಕಾದ ಸಾಮಗ್ರಿ ಅಲ್ಪ. ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದ ಅಕ್ಷರದ ಗುಂಟ ಮಗು ನಡೆಯುತ್ತದೆ. ಮರಳಿನ ತಟ್ಟೆಯಲ್ಲಿ ತಿದ್ದುತ್ತದೆ. ಜೇಡಿಮಣ್ಣನ್ನು ಹೊಸೆದು ಆಕಾರ ಕೊಡುತ್ತದೆ. ಹುಣಸೆಬೀಜಗಳನ್ನು ಗೆರೆಯ ಮೇಲೆ ಜೋಡಿಸುತ್ತದೆ. ಕೊನೆಯಲ್ಲಿ ಸ್ಲೇಟಿನ ಮೇಲೆ ಬರೆಯುತ್ತದೆ. ಬೀಜಗಳನ್ನು ಬರೆಯುವ ದಿಕ್ಕಿನಲ್ಲಿಯೇ ಜೋಡಿಸಬೇಕೆಂಬುದು ಗಮನಾರ್ಹ. ಇಲ್ಲವಾದರೆ ಅದು ಅಲಂಕಾರವಾಗುತ್ತದೆಯೇ ಹೊರತು ಅಕ್ಷರಾಭ್ಯಾಸವಾಗುವುದಿಲ್ಲ. ಗೆರೆ ಎಲ್ಲಿ ಆರಂಭವಾಗಿ, ಎಲ್ಲಿ ತಿರುಗಿ, ಎಲ್ಲಿ ನಿಲ್ಲುತ್ತದೆ ಎಂಬ ಅರಿವು ಕೈಗೆ ಬಂದ ಮೇಲೆ ‘ಪ’ಕಾರಕ್ಕೂ ‘ಷ’ಕಾರಕ್ಕೂ ಇರುವ ಒಂದು ಗೆರೆಯ ಭೇದವನ್ನು ಕಣ್ಣು ತಾನಾಗಿಯೇ ಗುರುತಿಸುತ್ತದೆ.

ಹೊರನಾಡಿನಲ್ಲಿ ಈ ವಿಚಾರಕ್ಕೆ ಮತ್ತೊಂದು ಮುಖವಿದೆ. ಮುಂಬಯಿ, ಪುಣೆ, ದೆಹಲಿಗಳ ಕನ್ನಡ ಮಗು ಬೀದಿಯ ಫಲಕಗಳಲ್ಲಿ ಕಾಣುವುದು ದೇವನಾಗರಿಯನ್ನು. ವರ್ಗೀಯ ವ್ಯಂಜನಗಳ ಕ್ರಮ ಎರಡು ಲಿಪಿಗಳಿಗೂ ಸಮಾನವಾದುದರಿಂದ, ಆ ಲಿಪಿಯನ್ನು ಕಲಿಯುವ ಮಗುವಿಗೆ ಧ್ವನಿಕ್ರಮವನ್ನು ಎರಡನೆಯ ಬಾರಿ ಬಾಯಿಪಾಠ ಮಾಡಿಸಬೇಕಾಗಿಲ್ಲ. ಹೊಸದು ಆಕಾರ ಮಾತ್ರ. ಅದು ಕೈಯ ಕೆಲಸ. ಆದರೆ ಮರಾಠಿ, ಹಿಂದಿಗಳ ಬರಹದಲ್ಲಿ ಹ್ರಸ್ವ ‘ಎ’, ‘ಒ’ಗಳಿಗೆ ಪ್ರತ್ಯೇಕ ಚಿಹ್ನೆ ರೂಢಿಯಲ್ಲಿಲ್ಲ. ಅಂಥ ಮಕ್ಕಳಿಗೆ ಒಲೆ-ಓಲೆ, ಕೆರೆ-ಕೇರೆಗಳ ಚಿತ್ರಗಳನ್ನು ಕೊಟ್ಟು, ಹ್ರಸ್ವಕ್ಕೆ ಒಂದು ಬೀಜ, ದೀರ್ಘಕ್ಕೆ ಎರಡು ಬೀಜ ಇಡಿಸುವ ಚಟುವಟಿಕೆ ಉಪಯುಕ್ತ. ಚೆನ್ನೈಯಲ್ಲಿ ತೊಡಕು ಬೇರೆ: ತಮಿಳು ಲಿಪಿಯಲ್ಲಿ ‘ಕ’, ‘ಗ’ಗಳಿಗೆ ಒಂದೇ ಅಕ್ಷರವಿರುವುದರಿಂದ ಕಡಿ-ಗಡಿಗಳಂಥ ಜೋಡಿಗಳನ್ನು ಕೇಳಿ ವಿಂಗಡಿಸುವ ಆಟ ಬೇಕಾಗುತ್ತದೆ. ಹೈದರಾಬಾದಿನಲ್ಲಿ ಸಾಮ್ಯವೇ ಸಮಸ್ಯೆ. ಒಂದೇ ಮೂಲದಿಂದ ಕವಲೊಡೆದ ಈ ಎರಡು ಲಿಪಿಗಳ ಹಲವು ಅಕ್ಷರಗಳಲ್ಲಿ ಎದ್ದು ಕಾಣುವ ಭೇದ ತಲೆಕಟ್ಟಿನದು. ತಲೆಕಟ್ಟನ್ನು ಮಾತ್ರ ಬೇರೆ ಬಣ್ಣದ ಬೀಜಗಳಿಂದ ಜೋಡಿಸಿದರೆ ಆ ಭೇದ ಮನಸ್ಸಿನಲ್ಲಿ ನಿಲ್ಲುತ್ತದೆ.

ಚಟುವಟಿಕೆಗೂ ಮಿತಿಯಿದೆ. ವಾರಕ್ಕೊಮ್ಮೆ ನಡೆಯುವ ಕನ್ನಡ ತರಗತಿಯಲ್ಲಿ ಕಾಲಾವಕಾಶ ಕಡಿಮೆ. ಮನೆಯವರ ಸಹಕಾರವಿಲ್ಲದೆ ಅಭ್ಯಾಸ ಮುಂದುವರಿಯದು. ಜೋಡಿಸಿದ ಅಕ್ಷರದಿಂದ ಪದವನ್ನೂ, ಪದದಿಂದ ಮಾತನ್ನೂ ಹೊರಡಿಸದಿದ್ದರೆ ಬೀಜಗಳ ಆಟ ಆಟವಾಗಿಯೇ ಉಳಿಯುತ್ತದೆ. ಹೊರನಾಡಿನ ಅನೇಕ ಮನೆಗಳಲ್ಲಿ ಕನ್ನಡವನ್ನು ಆಡುವ ಮಕ್ಕಳಿದ್ದಾರೆ, ಓದುವ ಮಕ್ಕಳಿಲ್ಲ. ಓದು ಬಾರದ ತಲೆಮಾರಿಗೆ ಪಂಪ, ಕುಮಾರವ್ಯಾಸರಿರಲಿ, ಅಜ್ಜಿ ಬರೆದ ಕಾಗದವೂ ದೂರವಾಗುತ್ತದೆ. ಕನ್ನಡ ಅಧ್ಯಯನದ ಉನ್ನತ ಪೀಠಗಳು ವಿದ್ಯಾರ್ಥಿಗಳ ಕೊರತೆಯನ್ನು ಕುರಿತು ಚಿಂತಿಸುವಾಗ ಈ ಒಂದನೆಯ ತರಗತಿಯ ಕಡೆಗೂ ದೃಷ್ಟಿ ಹರಿಸುವುದು ಅವಶ್ಯ.