ಪರ್ವತಮಾರ್ಗದಲ್ಲಿ ಬೈಸಿಕಲ್ ಯಾತ್ರೆ

ಆಗ್ನೇಯ ಏಷ್ಯಾದಲ್ಲಿ ಸಮುದ್ರತೀರವೇ ಇಲ್ಲದ ದೇಶ ಲಾವೋಸ್. ಚೀನ, ವಿಯೆಟ್ನಾಂ, ಕಾಂಬೋಡಿಯ, ಥಾಯ್ಲೆಂಡ್, ಮ್ಯಾನ್ಮಾರ್ ಎಂಬ ಐದು ದೇಶಗಳು ಅದನ್ನು ಸುತ್ತುವರಿದಿವೆ. ಅದರ ಬಹುಭಾಗ ಬೆಟ್ಟಗುಡ್ಡಗಳಿಂದ ಕೂಡಿದೆ. ಈ ದೇಶದ ಉತ್ತರದಲ್ಲಿ, ಮೆಕಾಂಗ್ ಮತ್ತು ನಾಮ್ ಖಾನ್ ನದಿಗಳು ಕೂಡುವ ಸ್ಥಳದಲ್ಲಿ, ಲುವಾಂಗ್ ಪ್ರಬಾಂಗ್ ಎಂಬ ಪುರಾತನ ನಗರವಿದೆ. 1995ರಲ್ಲಿ ಯುನೆಸ್ಕೊ ಸಂಸ್ಥೆಯು ಅದನ್ನು ವಿಶ್ವ ಪರಂಪರೆಯ ತಾಣಗಳ ಸಾಲಿಗೆ ಸೇರಿಸಿತು. ಅಲ್ಲಿಂದ ದಕ್ಷಿಣಕ್ಕೆ, ಸುಣ್ಣಕಲ್ಲಿನ ಕಡಿದಾದ ಬೆಟ್ಟಗಳ ಮಗ್ಗುಲಲ್ಲಿ ವಾಂಗ್ ವಿಯೆಂಗ್ ಎಂಬ ಊರಿದೆ. 2021ರ ಡಿಸೆಂಬರಿನಲ್ಲಿ ಆರಂಭವಾದ ರೈಲುಮಾರ್ಗವು ಸುರಂಗಗಳನ್ನು ದಾಟಿ, ಸುಮಾರು ಒಂದು ಗಂಟೆಯಲ್ಲಿ ಪ್ರಯಾಣಿಕರನ್ನು ಈ ಊರಿಗೆ ತಲುಪಿಸುತ್ತದೆ. ಹಳೆಯದಾದ 13ನೆಯ ಹೆದ್ದಾರಿಯಾದರೋ ಬೆಟ್ಟಗಳನ್ನು ಏರಿ ಇಳಿದು, ಸುಮಾರು 230 ಕಿಲೋಮೀಟರು ಸುತ್ತಿ ಸಾಗುತ್ತದೆ. ನಾನಾ ದೇಶಗಳ ಬೈಸಿಕಲ್ ಸವಾರರು ಈ ಹಳೆಯ ದಾರಿಯನ್ನೇ ಅರಸಿಕೊಂಡು ಬರುತ್ತಾರೆ.

ಬಯಲುನಾಡಿನಲ್ಲಿ ದಿನಕ್ಕೆ ನೂರು ಕಿಲೋಮೀಟರು ಸಾಗಬಲ್ಲ ಸವಾರನು ಭೂಪಟವನ್ನು ನೋಡಿ, ಈ ಪ್ರಯಾಣಕ್ಕೆ ಎರಡೂವರೆ ದಿನ ಸಾಕೆಂದು ಎಣಿಸಬಹುದು. ಆದರೆ ಅನುಭವಿಗಳು ಇದಕ್ಕೆ ನಾಲ್ಕು ದಿನಗಳನ್ನು ತೆಗೆದಿಡುತ್ತಾರೆ. ಇದು ಆಲಸ್ಯದ ಮಾತಲ್ಲ. ಬೆಟ್ಟದ ದಾರಿಯನ್ನು ಅಳೆಯುವ ಕ್ರಮವೇ ಬೇರೆ.

ಬೆಟ್ಟದ ದಾರಿಯಲ್ಲಿ ಉದ್ದಕ್ಕಿಂತ ಎತ್ತರವೇ ಮುಖ್ಯ. ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳಿರುವ ಭೂಪಟವು ಈ ಎತ್ತರವನ್ನು ತಿಳಿಸುತ್ತದೆ. ರಸ್ತೆಯು ಈ ರೇಖೆಗಳನ್ನು ಎಷ್ಟು ಸಲ ದಾಟಿ ಮೇಲೇರುತ್ತದೆ ಎಂಬುದನ್ನು ಎಣಿಸಿದರೆ ಏರಿನ ಮೊತ್ತ ದೊರೆಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಲುವಾಂಗ್ ಪ್ರಬಾಂಗ್ ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ; ಮೊದಲ ದಿನದ ತಂಗುದಾಣವಾದ ಕಿಯು ಕಚಾಮ್ ಎಂಬ ಹಳ್ಳಿ ಅದಕ್ಕಿಂತ ಸುಮಾರು 1,000 ಮೀಟರ್ ಮೇಲಿದೆ. ಹಾಗೆಂದು ಸವಾರನು ಏರಬೇಕಾದುದು 1,000 ಮೀಟರು ಮಾತ್ರವಲ್ಲ. ದಾರಿಯು ಒಂದು ಬೆಟ್ಟವನ್ನು ಹತ್ತಿ, ಗಳಿಸಿದ ಎತ್ತರವನ್ನು ಕಣಿವೆಯಲ್ಲಿ ಕಳೆದುಕೊಂಡು, ಮತ್ತೆ ಬುಡದಿಂದ ಏರತೊಡಗುತ್ತದೆ. ಕಳೆದುಕೊಂಡ ಎತ್ತರವನ್ನು ಪುನಃ ಗಳಿಸಲೇಬೇಕು.

ಈ ಶ್ರಮವನ್ನು ಭೌತಶಾಸ್ತ್ರದ ಸರಳ ಲೆಕ್ಕದಿಂದ ತಿಳಿಯಬಹುದು. ಸವಾರ, ಬೈಸಿಕಲ್ಲು ಮತ್ತು ಸಾಮಾನು ಎಲ್ಲ ಸೇರಿ 90 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಇಷ್ಟು ಭಾರವನ್ನು 1,000 ಮೀಟರ್ ಮೇಲೆತ್ತಲು ಸುಮಾರು 8,80,000 ಜೂಲ್ ಶಕ್ತಿ ಬೇಕು. ಸಾಧಾರಣ ಸವಾರನೊಬ್ಬನು ಗಂಟೆಗಟ್ಟಲೆ ದಣಿಯದೆ ಪೆಡಲು ತುಳಿಯುವಾಗ ಸುಮಾರು 100 ವಾಟ್ ಸಾಮರ್ಥ್ಯವನ್ನು ವ್ಯಯಿಸುತ್ತಾನೆ. ಆ ಪ್ರಕಾರ ಎತ್ತರವನ್ನು ಏರುವುದಕ್ಕೇ ಸುಮಾರು ಎರಡೂವರೆ ಗಂಟೆ ಬೇಕು. ಘರ್ಷಣೆಯನ್ನೂ ಗಾಳಿಯ ತಡೆಯನ್ನೂ ಸೇರಿಸಿದರೆ ಮೂರು ಗಂಟೆ. ಪ್ರತಿ ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಾದರೆ, ಈ ಮೂರು ಗಂಟೆಯಲ್ಲಿ ಸಾಗಿದ ದೂರ ಕೇವಲ 20 ಕಿಲೋಮೀಟರು. ಹೊರೆಯಲ್ಲಿ ಒಂದೊಂದು ಕಿಲೋಗ್ರಾಂ ಕಡಿಮೆಯಾದಂತೆಲ್ಲ ಈ ಶ್ರಮವೂ ಕಡಿಮೆಯಾಗುತ್ತದೆ. ಆದುದರಿಂದಲೇ ಅನುಭವಿಯಾದ ಸವಾರನು ಸಾಮಾನನ್ನು ಕಟ್ಟುವಾಗ ಅತ್ಯಂತ ಜಿಪುಣನಾಗುತ್ತಾನೆ.

ಈ ಲೆಕ್ಕವನ್ನು ಹಗಲಿನ ಬೆಳಕಿನೊಡನೆ ಹೋಲಿಸಿ ನೋಡಬೇಕು. ಕಿಯು ಕಚಾಮ್‌ಗೆ ಸುಮಾರು 80 ಕಿಲೋಮೀಟರು. ಅದರಲ್ಲಿ ಅರ್ಧದಷ್ಟು ಏರೆಂದು ಎಣಿಸಿದರೆ, ಆ 40 ಕಿಲೋಮೀಟರಿಗೆ ಆರು ಗಂಟೆ; ಉಳಿದ ದಾರಿಗೆ ಎರಡೂವರೆ ಗಂಟೆ; ಊಟ ಮತ್ತು ವಿಶ್ರಾಂತಿಗೆ ಒಂದೂವರೆ ಗಂಟೆ. ಒಟ್ಟು ಹತ್ತು ಗಂಟೆಗಳಾದವು. ಡಿಸೆಂಬರಿನಲ್ಲಿ ಅಲ್ಲಿ ಹಗಲು ಇರುವುದು ಸುಮಾರು ಹನ್ನೊಂದು ಗಂಟೆ. ಟ್ಯೂಬು ಎರಡು ಸಲ ಪಂಕ್ಚರಾದರೂ, ಚೈನು ಒಮ್ಮೆ ತುಂಡಾದರೂ ಉಳಿದ ಒಂದು ಗಂಟೆ ಕರಗಿಹೋಗುತ್ತದೆ.

ಕತ್ತಲಾದರೆ ದಾರಿಯ ಪಕ್ಕದಲ್ಲೇ ಡೇರೆ ಹಾಕಿ ಮಲಗಬಹುದಲ್ಲವೆ ಎಂಬ ಪ್ರಶ್ನೆ ಏಳಬಹುದು. ಲಾವೋಸಿನಲ್ಲಿ ಇದು ಪ್ರಾಣಕ್ಕೇ ಅಪಾಯ ತರಬಲ್ಲ ಯೋಚನೆ. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಈ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬುಗಳನ್ನು ಸುರಿದವು. ಅವುಗಳಲ್ಲಿದ್ದ ಸಣ್ಣ ಗುಂಡುಬಾಂಬುಗಳೇ ಸುಮಾರು 27 ಕೋಟಿ. ಅವುಗಳಲ್ಲಿ ಶೇಕಡ 30ರಷ್ಟು ಸಿಡಿಯದೆ ಮಣ್ಣಿನಲ್ಲಿ ಉಳಿದವೆಂದು ಅಂದಾಜು. ಯುದ್ಧ ಮುಗಿದು ಅರ್ಧ ಶತಮಾನ ಕಳೆದರೂ ಅವುಗಳನ್ನು ಹುಡುಕಿ ತೆಗೆಯುವ ಕೆಲಸ ಪೂರ್ಣವಾಗಿಲ್ಲ. ಹೊಲ ಅಗೆಯುವ ರೈತರು, ಚೆಂಡೆಂದು ಭ್ರಮಿಸಿ ಕೈಗೆತ್ತಿಕೊಂಡ ಮಕ್ಕಳು ಅವುಗಳಿಗೆ ಬಲಿಯಾಗಿದ್ದಾರೆ. ಅಡುಗೆಗೆಂದು ನೆಲದ ಮೇಲೆ ಹಚ್ಚಿದ ಬೆಂಕಿಯ ಕಾವಿಗೂ ಹೂತುಹೋದ ಬಾಂಬು ಸಿಡಿಯಬಹುದು. ದಿನವೂ ವಾಹನಗಳು ಓಡಾಡುವ ರಸ್ತೆಯಲ್ಲಿ ಈ ಭಯವಿಲ್ಲ. ರಸ್ತೆ ಬಿಟ್ಟು ಅಪರಿಚಿತ ನೆಲಕ್ಕೆ ಕಾಲಿಟ್ಟರೆ ಭಯವುಂಟು.

ಆದುದರಿಂದ ಇಲ್ಲಿ ಪ್ರಯಾಣದ ಯೋಜನೆಯೆಂದರೆ ಒಂದು ತಂಗುದಾಣದಿಂದ ಇನ್ನೊಂದು ತಂಗುದಾಣವನ್ನು ಬೆಳಕಿರುವಾಗಲೇ ಮುಟ್ಟುವ ಯೋಜನೆ. ಮೊದಲ ರಾತ್ರಿ ಕಿಯು ಕಚಾಮ್, ಎರಡನೆಯ ರಾತ್ರಿ ಬೆಟ್ಟದ ನೆತ್ತಿಯ ಫೂ ಖೂನ್, ಮೂರನೆಯ ರಾತ್ರಿ ಕಣಿವೆಯ ಕಾಸಿ, ನಾಲ್ಕನೆಯ ದಿನ ವಾಂಗ್ ವಿಯೆಂಗ್ ಎಂದು ದಾರಿಯನ್ನು ವಿಭಾಗಿಸುವುದು ಈ ಕಾರಣದಿಂದಲೇ.

ಲುವಾಂಗ್ ಪ್ರಬಾಂಗಿನಿಂದ ಕಾಸಿಗೆ ಮುವಾಂಗ್ ನಾನ್ ಎಂಬ ಊರಿನ ಮೂಲಕ ಹೋಗುವ ಇನ್ನೊಂದು ಹೊಸ ರಸ್ತೆಯೂ ಉಂಟು. ಅದು ಹತ್ತಾರು ಕಿಲೋಮೀಟರು ಹತ್ತಿರದ ದಾರಿ. ಆದರೆ ಬಹಳ ಕಡಿದಾದುದು, ಮಳೆಗಾಲದಲ್ಲಿ ಭೂಕುಸಿತಕ್ಕೆ ಒಳಗಾಗುವಂಥದು. ಮೋಟಾರು ವಾಹನಕ್ಕೆ ಹತ್ತಿರವಾದ ದಾರಿಯೇ ಬೈಸಿಕಲ್ಲಿಗೂ ಹತ್ತಿರವೆಂದು ಭಾವಿಸಬಾರದು.

ಋತುವಿನ ಆಯ್ಕೆಯೂ ಯೋಜನೆಯ ಒಂದು ಅಂಗ. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಮಳೆಗಾಲ. ಫೆಬ್ರವರಿಯ ತರುವಾಯ ಬೆಟ್ಟದ ರೈತರು ಕುಮರಿ ಬೇಸಾಯಕ್ಕಾಗಿ ಕಡಿದ ಕಾಡನ್ನು ಸುಡುವುದರಿಂದ ಕಣಿವೆಗಳಲ್ಲಿ ಹೊಗೆ ಕವಿಯುತ್ತದೆ. ಏರಿನಲ್ಲಿ ಏದುಸಿರು ಬಿಡುವವನಿಗೆ ಅದು ಹಿತವಲ್ಲ. ನವೆಂಬರಿನಿಂದ ಜನವರಿಯವರೆಗಿನ ಕಾಲವೇ ಉತ್ತಮ. ಆದರೂ ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಸುಮಾರು ಆರೂವರೆ ಡಿಗ್ರಿಯಷ್ಟು ಉಷ್ಣತೆ ಇಳಿಯುವುದರಿಂದ, ಬೆಟ್ಟದ ನೆತ್ತಿಯ ಬೆಳಗಿನ ಚಳಿಗೆ ಉಣ್ಣೆಯ ಅಂಗಿಯೊಂದು ಬೇಕೇ ಬೇಕು.

ಏರಿದ ಬಳಿಕ ಇಳಿಜಾರು ಬರುತ್ತದೆ. ಅಲ್ಲಿ ಶ್ರಮವಿಲ್ಲ, ಆದರೆ ಅಪಾಯ ಹೆಚ್ಚು. ಏರುವಾಗ ಕೂಡಿಟ್ಟ ಶಕ್ತಿಯ ಬಹುಪಾಲನ್ನು ಬ್ರೇಕುಗಳು ಶಾಖವಾಗಿ ಹೊರಹಾಕಬೇಕು. ಒಂದೇ ಸಮನೆ ಒತ್ತಿಹಿಡಿದರೆ ಅವು ಕಾದು ತಮ್ಮ ಹಿಡಿತವನ್ನು ಕಳೆದುಕೊಳ್ಳುತ್ತವೆ. ಆದುದರಿಂದ ಬಿಟ್ಟು ಬಿಟ್ಟು ಒತ್ತಬೇಕು. ಅಷ್ಟೇ ಅಲ್ಲ, ಹ್ಮಾಂಗ್, ಖಮು ಮೊದಲಾದ ಜನರ ಎಷ್ಟೋ ಹಳ್ಳಿಗಳು ರಸ್ತೆಯ ಅಂಚಿನಲ್ಲೇ ಇವೆ. ಸವಾರನಿಗೆ ಅದು ಹೆದ್ದಾರಿ. ಅಲ್ಲಿಯ ಮಕ್ಕಳಿಗೆ ಅದೇ ಮನೆಯಂಗಳ. ಹಳ್ಳಿ ಕಂಡೊಡನೆ ವೇಗವನ್ನು ತಗ್ಗಿಸುವುದು ಅತಿಥಿಯಾದವನ ಧರ್ಮ.

ಇಷ್ಟೆಲ್ಲ ಸಿದ್ಧತೆಯ ನಂತರವೂ ದೇಹ ದಣಿಯಬಹುದು, ಗಾಡಿ ಕೆಡಬಹುದು. ಆಗ ಏನು ಮಾಡಬೇಕೆಂಬುದನ್ನು ದಣಿದ ಹೊತ್ತಿನಲ್ಲಿ ಯೋಚಿಸದೆ, ಮೊದಲೇ ನಿಶ್ಚಯಿಸಿಕೊಂಡಿರಬೇಕು. ಕೊನೆಯ ಏರಿಗೆ ಮೂರು ಗಂಟೆ ಬೇಕು. ಸೂರ್ಯನು ಆರು ಗಂಟೆಗೆ ಮೊದಲೇ ಮುಳುಗುತ್ತಾನೆ. ಮಧ್ಯಾಹ್ನ ಎರಡು ಗಂಟೆಯೊಳಗೆ ಆ ಏರಿನ ಬುಡವನ್ನು ಮುಟ್ಟದವನು ಅಂದು ಮುಂದಕ್ಕೆ ಹೋಗಬಾರದು. ಹತ್ತಿರದ ಹಳ್ಳಿಯಲ್ಲಿ ಆಶ್ರಯ ಕೇಳಬೇಕು, ಇಲ್ಲವೆ ಬೈಸಿಕಲ್ಲನ್ನು ಬಸ್ಸಿನ ಮೇಲೇರಿಸಿ ಊರು ಸೇರಬೇಕು. ಇದರಲ್ಲಿ ಸೋಲೇನೂ ಇಲ್ಲ. ಬೆಟ್ಟ ಮರುದಿನವೂ ಅಲ್ಲೇ ಇರುತ್ತದೆ. ಅದನ್ನು ಏರುವವನೂ ಇರಬೇಕು.